ಅಕ್ಷರದ ಬಾಗಿಲು ಮತ್ತು ನಮ್ಮ ಹೊಣೆ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಶಿಕ್ಷಣ ಗೋಷ್ಠಿಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣದ ಪಾಠ)



ನೂರು ವರ್ಷಗಳ ಲೆಕ್ಕವನ್ನು ಒಪ್ಪಿಸಬೇಕಾದ ಸಂದರ್ಭ ಬಂದಾಗ ನಾವೆಲ್ಲ ಮೊದಲು ಕೈಗೆತ್ತಿಕೊಳ್ಳುವುದು ದಾಖಲೆಯ ಪುಸ್ತಕಗಳನ್ನು. ಇಷ್ಟು ಜ್ಞಾನಸ್ನಾನಗಳು, ಇಷ್ಟು ವಿವಾಹಗಳು, ಇಷ್ಟು ಮರಣಗಳು ಎಂದು ಎಣಿಸುತ್ತೇವೆ. ಎಣಿಕೆ ಮುಗಿದಾಗ ನಮ್ಮ ಮನಸ್ಸಿಗೆ ಒಂದು ಬಗೆಯ ತೃಪ್ತಿ ಉಂಟಾಗುತ್ತದೆ. ಈ ಸಂಚಿಕೆಯ ಉಳಿದ ಪುಟಗಳಲ್ಲಿ ಆ ಎಣಿಕೆಯೆಲ್ಲ ಬಂದಿದೆ. ಈ ಹೊತ್ತು ನಾವು ಮಾತನಾಡಬೇಕೆಂದಿರುವುದು ಯಾವ ಪುಸ್ತಕದಲ್ಲಿಯೂ ಹೆಸರು ಸೇರದೆ ಹೋದವರನ್ನು ಕುರಿತು. ಶಾಲೆಯ ಬಾಗಿಲವರೆಗೆ ಬಂದು ಹಿಂದಿರುಗಿದ ಮಕ್ಕಳನ್ನು ಕುರಿತು, ಬಾಗಿಲವರೆಗೂ ಬಾರದ ಮಕ್ಕಳನ್ನು ಕುರಿತು.

ನಾವು ದೂರ ಹೋಗಬೇಕಾದ ಅವಶ್ಯಕತೆ ಇಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಮ್ಮ ಜಿಲ್ಲೆಯ ನಾಲ್ಕು ಹಳೆಯ ತಾಲ್ಲೂಕುಗಳೇ ಸಾಕು. ಈಚೆಗೆ ಇವುಗಳಿಂದ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಬೇರೆ ತಾಲ್ಲೂಕುಗಳಾಗಿವೆ; ಆದರೆ ನೆಲ ಅದೇ, ಜನ ಅವರೇ. ಬಡಗಣಕ್ಕೆ ಭೀಮೆ, ತೆಂಕಣಕ್ಕೆ ಕೃಷ್ಣೆ, ನಡುವೆ ಡೋಣಿ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂದು ಹಿರಿಯರು ಹೇಳುತ್ತಿದ್ದರು. ಆದರೆ ಆ ಮಾತಿನಲ್ಲಿರುವ ‘ಹರಿದರೆ’ ಎಂಬ ಪದವನ್ನು ನಾವು ಗಮನಿಸಬೇಕು. ಹರಿಯದ ವರ್ಷ ಏನು? ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದ ಅನಂತರ, ಅಂದಿನ ಕಲಾದಗಿ ಜಿಲ್ಲೆಯಲ್ಲಿ, ಎಂದರೆ ನಮ್ಮ ಇಂದಿನ ಸೀಮೆಯಲ್ಲಿ, ಎರಡು ಜನಗಣತಿಗಳ ನಡುವೆ ಸುಮಾರು ಐದರಲ್ಲಿ ಒಂದು ಪಾಲು ಜನ ಕಡಿಮೆಯಾಗಿದ್ದರು. ಮಳೆ ಕೈಕೊಟ್ಟಾಗ ಊರು ಬಿಡುವುದು ಈ ನೆಲದ ಬಡವನಿಗೆ ಅಂದಿನಿಂದಲೂ ಬಂದ ಅಭ್ಯಾಸವಾಗಿದೆ. ಶಾಲೆಯ ಮಾತನ್ನು ಆಡುವವರು ಈ ಸಂಗತಿಯನ್ನು ಮರೆತರೆ ಉಳಿದುದೆಲ್ಲ ಬರಿಯ ಮಾತಾಗುತ್ತದೆ.

ಹಾಗೆಂದು ಈ ನೆಲ ಅಕ್ಷರಕ್ಕೆ ಎಂದೂ ಪರಕೀಯವಾಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲಿ. ಬಟ್ಟೆ ಮಡಿ ಮಾಡುವ ಕಾಯಕದ ಮಾಚಿದೇವರು ದೇವರ ಹಿಪ್ಪರಗಿಯವರು. ಪಂಡಿತರ ಮನೆಯ ಸೊತ್ತಾಗಿದ್ದ ಮಾತನ್ನು ಕಾಯಕದ ಜನರೂ ಹೆಂಗಸರೂ ತಮ್ಮದಾಗಿಸಿಕೊಂಡ ಕಾಲ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದಾಗ, ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ಬಾಸೆಲ್ ಮಿಷನ್ನಿನ ಪ್ರೊಟೆಸ್ಟಂಟ್ ಸಹೋದರರು ಧಾರವಾಡ, ಹುಬ್ಬಳ್ಳಿ, ಗುಳೇದಗುಡ್ಡಗಳ ದಾರಿಯಾಗಿ ವಿಜಾಪುರದವರೆಗೆ ಬಂದರು. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ವಚನಗಳ ತಾಳೆಗರಿಗಳನ್ನು ಹುಡುಕುತ್ತಿದ್ದಂತೆಯೇ ೧೯೧೦ರಲ್ಲಿ ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರು, ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದ ಸಿಂಪಿ ಲಿಂಗಣ್ಣನವರು ಹಾಗೂ ಅವರ ಗೆಳೆಯರು, ಓದು ಬಾರದ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳನ್ನು ‘ಗರತಿಯ ಹಾಡು’ ಎಂಬ ಹೆಸರಿನಿಂದ ೧೯೩೧ರಲ್ಲಿ ಪ್ರಕಟಿಸಿದರು. ಆ ಹಾಡುಗಳನ್ನು ಕಟ್ಟಿದ ತಾಯಂದಿರಿಗೆ ಬುದ್ಧಿ ಕಡಿಮೆಯಿತ್ತೆಂದು ಯಾರು ಹೇಳಬಲ್ಲರು? ಅವರಿಗೆ ಇಲ್ಲದೆ ಹೋದದ್ದು ಶಾಲೆ.

ಅದು ಏಕೆ ಇಲ್ಲದೆ ಹೋಯಿತು? ೧೯೧೧ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಕೇಂದ್ರ ಶಾಸನಸಭೆಯ ಮುಂದಿಟ್ಟರು. ಮರುವರ್ಷ ಅದು ತಿರಸ್ಕೃತವಾಯಿತು. ೧೯೧೮ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿ ಪ್ರಾಂತದಲ್ಲಿ ಒಂದು ಕಾಯಿದೆ ಬಂದಿತಾದರೂ ಅದು ಪುರಸಭೆಗಳಿಗೆ ಮಾತ್ರ ಅನ್ವಯಿಸಿತು, ಹಳ್ಳಿಗಳು ಹೊರಗುಳಿದವು. ಸ್ವತಂತ್ರ ಭಾರತದ ಸಂವಿಧಾನ, ಹತ್ತು ವರ್ಷಗಳೊಳಗಾಗಿ ಹದಿನಾಲ್ಕು ವಯಸ್ಸಿನವರೆಗಿನ ಎಲ್ಲ ಮಕ್ಕಳಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣ ನೀಡಲು ಯತ್ನಿಸಬೇಕೆಂದಿತು. ಎಂದರೆ ೧೯೬೦ರೊಳಗೆ. ಅದೇ ಸುಮಾರಿಗೆ ಕರಾಚಿಯಲ್ಲಿ ಸೇರಿದ ಏಷ್ಯಾದ ರಾಷ್ಟ್ರಗಳು ೧೯೮೦ ಎಂದವು. ೧೯೯೦ರಲ್ಲಿ ಥಾಯ್ಲೆಂಡಿನ ಜೋಮ್ಟಿಯೆನ್ ಎಂಬಲ್ಲಿ ಜಗತ್ತಿನ ರಾಷ್ಟ್ರಗಳು ಸೇರಿ ೨೦೦೦ ಎಂದವು. ೨೦೦೦ದಲ್ಲಿ ಆಫ್ರಿಕಾದ ಡಕಾರಿನಲ್ಲಿ ಸೇರಿದಾಗ ೨೦೧೫ ಎಂದರು. ೨೦೧೫ರಲ್ಲಿ ೨೦೩೦ ಎಂದಿದ್ದಾರೆ. ಸಾಲಗಾರನು ಪ್ರತಿ ಸುಗ್ಗಿಗೂ ಮುಂದಿನ ಸುಗ್ಗಿಯನ್ನು ತೋರಿಸಿದಂತೆ ಗಡುವು ಮುಂದೆ ಮುಂದೆ ಸರಿದಿದೆ. ಜಗತ್ತಿನಲ್ಲಿ ಇಂದಿಗೂ ಸುಮಾರು ೨೫ ಕೋಟಿ ಮಕ್ಕಳೂ ಕಿಶೋರರೂ ಶಾಲೆಯ ಹೊರಗಿದ್ದಾರೆಂದು ಯುನೆಸ್ಕೊ ೨೦೨೪ರಲ್ಲಿ ಅಂದಾಜು ಮಾಡಿತು.

ಆದಾಗ್ಯೂ ಏನೂ ಆಗಲಿಲ್ಲವೆಂದು ಹೇಳಿದರೆ ಅದು ಕೃತಘ್ನತೆಯಾದೀತು. ನಮ್ಮ ಬಾಲ್ಯದಲ್ಲಿ ಎರಡು ಮೂರು ಹಳ್ಳಿಗಳಿಗೆ ಒಂದು ಶಾಲೆ. ಶಾಲೆಯೆಂದರೆ ಗುಡಿಯ ಪಡಸಾಲೆ. ೧೯೮೭ರ ಕಪ್ಪುಹಲಗೆ ಕಾರ್ಯಾಚರಣೆ, ತೊಂಬತ್ತರ ದಶಕದಲ್ಲಿ ವಿಜಾಪುರ ಜಿಲ್ಲೆಗೂ ವಿಸ್ತರಿಸಿದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅನಂತರದ ಸರ್ವ ಶಿಕ್ಷಣ ಅಭಿಯಾನ ಇವುಗಳಿಂದ ತಾಂಡಾಗಳಲ್ಲಿಯೂ ಕೋಣೆಗಳು ಎದ್ದವು. ೨೦೦೧ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂದು ಆಜ್ಞಾಪಿಸಿತು; ೨೦೦೨ರಲ್ಲಿ ಕರ್ನಾಟಕದ ಅಕ್ಷರ ದಾಸೋಹ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ದಾಸೋಹವೆಂಬ ಶಬ್ದ ಈ ನೆಲದ್ದೇ ಆದುದು ನಮಗೆ ಹೆಮ್ಮೆ. ೨೦೨೧ರ ಡಿಸೆಂಬರಿನಲ್ಲಿ, ಮಕ್ಕಳ ಅಪೌಷ್ಟಿಕತೆಯ ಕಾರಣದಿಂದಾಗಿ, ಬಿಸಿಯೂಟದೊಡನೆ ಮೊಟ್ಟೆ ಅಥವಾ ಬಾಳೆಹಣ್ಣನ್ನು ಕೊಡಲು ಮೊದಲಿಟ್ಟ ಏಳು ಜಿಲ್ಲೆಗಳಲ್ಲಿಯೂ ನಮ್ಮ ಜಿಲ್ಲೆಯಿತ್ತು. ೨೦೦೨ರಲ್ಲಿ ಸಂವಿಧಾನಕ್ಕೆ ೮೬ನೆಯ ತಿದ್ದುಪಡಿಯಾಗಿ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದರ ಕಾಯಿದೆ ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದಿತು.

ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ೨೦೦೨ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ ೧೧೪ ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ನಮ್ಮ ಈ ನಾಲ್ಕೂ ಆ ಪಟ್ಟಿಯಲ್ಲಿದ್ದವು. ೨೦೧೧ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ ೭೫ನ್ನು ದಾಟಿದ್ದಾಗ ನಮ್ಮ ಜಿಲ್ಲೆಯದು ಸುಮಾರು ೬೭. ಹೆಂಗಸರಲ್ಲಿ ಸುಮಾರು ೫೭. ಮಹಿಳೆಯರಿಗಾಗಿಯೇ ಸ್ಥಾಪಿತವಾದ ವಿಶ್ವವಿದ್ಯಾಲಯ ೨೦೦೩ರಿಂದ ವಿಜಾಪುರದಲ್ಲಿದೆ. ಅಕ್ಕಮಹಾದೇವಿಯ ಹೆಸರನ್ನು ಹೊತ್ತಿದೆ. ಅದರ ಬಾಗಿಲಿಗೂ ತಾಂಡಾದ ಹುಡುಗಿಗೂ ನಡುವೆ ಇರುವ ದೂರವನ್ನು ಮೈಲಿಗಳಲ್ಲಿ ಅಳೆಯಲಾಗದು.

ಆ ದೂರ ಯಾವುದರಿಂದ ಆಗಿದೆ? ನಮಗೆ ಕಂಡಂತೆ ನಾಲ್ಕು ಕಾರಣಗಳು.

ಮೊದಲನೆಯದು ಕಾಲ. ಶಾಲೆ ಜೂನಿನ ಸುಮಾರಿಗೆ ತೆರೆಯುತ್ತದೆ. ಮಗುವಿನ ಹೆಸರು ಹಾಜರಿಯಲ್ಲಿ ಸೇರುತ್ತದೆ. ದೀಪಾವಳಿಯ ಹೊತ್ತಿಗೆ ಕಬ್ಬಿನ ಕಾರ್ಖಾನೆಗಳ ಹಂಗಾಮು. ಮುಕ್ಕಾದಮನಿಂದ ಮುಂಗಡ ಪಡೆದ ತಂದೆತಾಯಿಗಳು ಗಂಟುಮೂಟೆ ಕಟ್ಟಿ ಮಹಾರಾಷ್ಟ್ರದ ಕಡೆಗೆ ಹೊರಡುತ್ತಾರೆ. ಇನ್ನು ಕೆಲವರು ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆ, ಗೋವೆಯ ವಾಸ್ಕೊ ಕಡೆಗೆ. ಮುದುಕರಿದ್ದ ಮನೆಯಲ್ಲಿ ಮಗು ಉಳಿಯುತ್ತದೆ. ಇಲ್ಲದ ಮನೆಯಲ್ಲಿ ಅದೂ ಗಾಡಿ ಹತ್ತುತ್ತದೆ, ಕಬ್ಬಿನ ಗದ್ದೆಯಲ್ಲಿ ತಮ್ಮ ತಂಗಿಯರನ್ನು ಆಡಿಸುತ್ತದೆ. ಅವರು ಹಿಂದಿರುಗುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ. ಶಾಲೆಯ ವರ್ಷಕ್ಕೂ ಬಡವನ ವರ್ಷಕ್ಕೂ ಹೊಂದಿಕೆಯೇ ಇಲ್ಲ. ಆಲಮಟ್ಟಿಯ ನೀರು ಕಾಲುವೆಗಳಿಂದಲೂ ಏತ ನೀರಾವರಿಯಿಂದಲೂ ತಲುಪಿದ ಕಡೆ ಈ ಗುಳೆ ಕಡಿಮೆಯಾಗಿರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹೊಲಕ್ಕೆ ಬಂದ ನೀರೂ ಶಾಲೆಗೆ ಮಾಡಿದ ಉಪಕಾರವೇ.

ಎರಡನೆಯದು ಹೆಣ್ಣೆಂಬ ಕಾರಣ. ನಮ್ಮ ಬಹುತೇಕ ಹಳ್ಳಿಗಳಲ್ಲಿ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಎಂಟನೆಯದಕ್ಕೆ ಬೇರೆ ಊರಿನ ಪ್ರೌಢಶಾಲೆಗೆ ಹೋಗಬೇಕು. ಮಗಳಿಗೆ ಹದಿಮೂರು ವರ್ಷವಾದ ಆ ಗಳಿಗೆಯಲ್ಲಿಯೇ ದಾರಿ ಉದ್ದವಾಗುತ್ತದೆ, ತಂದೆಯ ಭಯ ದೊಡ್ಡದಾಗುತ್ತದೆ, ವರನ ಮಾತು ಮನೆಗೆ ಬರುತ್ತದೆ. ಬಾಲ್ಯವಿವಾಹಕ್ಕೆ ಕಾನೂನಿನ ಕಟ್ಟು ಇದೆ. ಆದರೆ ಬಸ್ಸು ಇಲ್ಲದ ದಾರಿಯಲ್ಲಿ ಕಾನೂನೂ ನಡೆದುಬರಲಾರದು.

ಮೂರನೆಯದು ಭಾಷೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತನಾಡುತ್ತದೆ, ಶಾಲೆಯಲ್ಲಿ ಕನ್ನಡ, ಕಬ್ಬಿನ ಗದ್ದೆಯಲ್ಲಿ ಮರಾಠಿ, ಗೋವೆಗೆ ಹೋದರೆ ಕೊಂಕಣಿ, ಹಿಂದಿ. ನಾಲ್ಕೈದು ಭಾಷೆಗಳಲ್ಲಿ ವ್ಯವಹರಿಸಬಲ್ಲ ಈ ಮಗುವನ್ನು, ಒಂದು ಭಾಷೆಯಲ್ಲಿ ಬರೆಯಲಾರದೆಂಬ ಕಾರಣಕ್ಕೆ ನಾವು ದಡ್ಡನೆನ್ನುತ್ತೇವೆ.

ನಾಲ್ಕನೆಯದು, ಶಾಲೆಯೊಳಗಿದ್ದೂ ಕಲಿಯದಿರುವುದು. ದೇಶದ ಗ್ರಾಮಾಂತರದಲ್ಲಿ ೨೦೦೫ರಿಂದ ನಡೆಯುತ್ತ ಬಂದ ‘ಅಸರ್’ ಸಮೀಕ್ಷೆಗಳು, ಐದನೆಯ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಲಾರರೆಂದು ಮತ್ತೆ ಮತ್ತೆ ತೋರಿಸಿವೆ. ಬಾಗಿಲು ತೆರೆದರೆ ಸಾಲದು, ಒಳಗೆ ದೀಪವಿರಬೇಕು.

ಬಡ ದೇಶಗಳೆಲ್ಲದರ ಅನುಭವವೂ ಇದೇ. ಆಫ್ರಿಕಾದ ಮಲಾವಿ ೧೯೯೪ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕವನ್ನು ತೆಗೆದುಹಾಕಿದಾಗ ಮಕ್ಕಳ ಸಂಖ್ಯೆ ಸುಮಾರು ೧೯ ಲಕ್ಷದಿಂದ ೩೦ ಲಕ್ಷದ ಹತ್ತಿರಕ್ಕೆ ಏರಿತು. ೧೯೯೭ರಲ್ಲಿ ಉಗಾಂಡಾದಲ್ಲಿಯೂ ೨೦೦೩ರಲ್ಲಿ ಕೀನ್ಯಾದಲ್ಲಿಯೂ ಹಾಗೆಯೇ ಆಯಿತು. ಬಡವರು ಮಕ್ಕಳನ್ನು ಓದಿಸಲು ಒಲ್ಲರೆಂಬ ಹಳೆಯ ಅಪವಾದ ಆ ವರ್ಷಗಳಲ್ಲಿ ಸುಳ್ಳಾಯಿತು. ಆದರೆ ಮಲಾವಿಯಲ್ಲಿ ಮರದ ಕೆಳಗೆ ನೂರಾರು ಮಕ್ಕಳಿಗೆ ಒಬ್ಬ ಶಿಕ್ಷಕನೆಂಬ ಸ್ಥಿತಿಯೂ ಉಂಟಾಗಿ, ಬಂದವರಲ್ಲಿ ಅನೇಕರು ಹಿಂದಿರುಗಿದರು. ನೆರೆಯ ಬಾಂಗ್ಲಾದೇಶ ೧೯೯೪ರಲ್ಲಿ ಗ್ರಾಮಾಂತರದ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ವೇತನವನ್ನು ಆರಂಭಿಸಿತು; ಹಾಜರಿ ತಪ್ಪಬಾರದು, ಪರೀಕ್ಷೆಯಲ್ಲಿ ಅಂಕ ಬರಬೇಕು, ಮದುವೆಯಾಗಬಾರದು ಎಂಬ ಮೂರು ನಿಬಂಧನೆಗಳೊಡನೆ. ಅಲ್ಲಿ ಹುಡುಗಿಯರು ಹುಡುಗರ ಸಂಖ್ಯೆಯನ್ನು ಮುಟ್ಟಿದರು. ನಮ್ಮ ರಾಜ್ಯದಲ್ಲಿ ೨೦೦೬ರ ಸುಮಾರಿಗೆ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ನಾವು ಕಂಡದ್ದು ಅದೇ ತತ್ವವನ್ನು: ಎಲ್ಲಿ ತೊಡಕೋ ಅಲ್ಲಿಗೇ ಕೈ ನೀಡಬೇಕು.

ಈಗ ನಮ್ಮದೇ ತಪ್ಪೊಂದನ್ನು ಹೇಳಬೇಕಾಗಿದೆ. ಬಲಿಪೀಠದ ಮುಂದೆ ನಿಂತು ಅನ್ಯರಿಗೆ ಪಶ್ಚಾತ್ತಾಪವನ್ನು ಬೋಧಿಸುವವರು ಒಮ್ಮೆಯಾದರೂ ಸಭೆಯ ಮುಂದೆ ತಮ್ಮದನ್ನು ಹೇಳಿಕೊಳ್ಳುವುದು ನ್ಯಾಯ.

ಸುಮಾರು ಮೂವತ್ತು ವರ್ಷಗಳ ಹಿಂದೆ, ದೀಕ್ಷೆಯಾಗಿ ಹೆಚ್ಚು ಕಾಲವಾಗಿರದ ದಿನಗಳಲ್ಲಿ, ಒಂದು ಶಾಲೆಯ ಹೊಣೆ ನಮ್ಮ ಮೇಲಿತ್ತು. ಅದರ ಹೆಸರು ಇಲ್ಲಿ ಬೇಡ. ತಪ್ಪು ಶಾಲೆಯದಲ್ಲ, ನಮ್ಮದು. ಜನವರಿಯ ಒಂದು ಬೆಳಿಗ್ಗೆ ಒಬ್ಬ ತಾಯಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದಳು. ಗಂಡ ಗೋವೆಯಲ್ಲಿ ಕಾಯಿಲೆ ಬಿದ್ದುದರಿಂದ ಹಂಗಾಮಿನ ನಡುವೆಯೇ ಹಿಂದಿರುಗಿದ್ದಳು. ಹುಡುಗಿಗೆ ಹತ್ತು ವರ್ಷವಿದ್ದೀತು, ಹುಡುಗ ಸಣ್ಣವನು. ವರ್ಗಾವಣೆಯ ಪತ್ರ ಇರಲಿಲ್ಲ, ಜನ್ಮದಿನದ ದಾಖಲೆ ಇರಲಿಲ್ಲ. ಶಾಲೆಯ ತನಿಖೆಯ ದಿನಗಳು ಹತ್ತಿರವಿದ್ದವು. ನಾವು ಮೃದುವಾಗಿಯೇ ಮಾತನಾಡಿದೆವು. ಕುಳ್ಳಿರಿಸಿ ನೀರು ಕೊಡಿಸಿದೆವು. ‘ಜೂನಿನಲ್ಲಿ ಬಾರಮ್ಮ’ ಎಂದೆವು. ಅವಳು ತಲೆದೂಗಿ ಎದ್ದು ನಿಂತಳು. ಆ ಹುಡುಗಿ ಮಾತ್ರ ಹೊರಗಿನ ತರಗತಿಯ ಕಿಟಕಿಯ ಬಳಿ ಸ್ವಲ್ಪ ಹೊತ್ತು ನಿಂತು, ತಾಯಿ ಕೂಗಿದ ಮೇಲೆ ಹೊರಟಳು.

ಜೂನ್ ಬಂದಿತು. ಅವರು ಬರಲಿಲ್ಲ. ನಾವು ಹುಡುಕಿಕೊಂಡು ಹೋಗಲೂ ಇಲ್ಲ. ಅವರ ಹೆಸರು ನಮ್ಮ ಪುಸ್ತಕದಲ್ಲಿ ಸೇರಿರಲಿಲ್ಲವಾದುದರಿಂದ ಅವರು ಶಾಲೆ ಬಿಟ್ಟವರ ಲೆಕ್ಕಕ್ಕೂ ಸೇರಲಿಲ್ಲ. ಆ ವರ್ಷ ನಮ್ಮ ವರದಿಯಲ್ಲಿ ಶಾಲೆ ಬಿಟ್ಟವರ ಸಂಖ್ಯೆ ಸೊನ್ನೆ. ಅದಕ್ಕಾಗಿ ನಮಗೆ ಪ್ರಶಂಸೆಯೂ ದೊರೆಯಿತು.

ಇಂದಿನ ಕಾಯಿದೆ ಆ ತಾಯಿಯ ಪರವಾಗಿದೆ. ವಯಸ್ಸಿನ ದಾಖಲೆ ಇಲ್ಲವೆಂದು, ವರ್ಗಾವಣೆ ಪತ್ರ ತಡವಾಯಿತೆಂದು, ವರ್ಷದ ನಡುವೆ ಬಂದರೆಂದು ಆರರಿಂದ ಹದಿನಾಲ್ಕು ವಯಸ್ಸಿನ ಯಾವ ಮಗುವನ್ನೂ ತಿರುಗಿಸಿ ಕಳುಹಿಸಕೂಡದೆಂದು ಅದು ಸ್ಪಷ್ಟವಾಗಿ ವಿಧಿಸುತ್ತದೆ. ವಯಸ್ಸಿಗೆ ತಕ್ಕ ತರಗತಿಯಲ್ಲಿ ಸೇರಿಸಿ, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ. ಆದರೆ ಕಾಯಿದೆ ಬರುವ ಮೊದಲೇ ನಮಗೆ ಅದು ತಿಳಿದಿರಬೇಕಾಗಿತ್ತು. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕಿ ಹೋದ ಕುರುಬನ ಸಾಮತಿಯನ್ನು ನಾವು ಎಷ್ಟು ಭಾನುವಾರ ಬೋಧಿಸಿದ್ದೇವೆ! ಶೇಕಡಾ ತೊಂಬತ್ತೊಂಬತ್ತು ದಾಖಲಾತಿ ಎಂದು ಫಲಕ ಬರೆಯಿಸುವಾಗ ಮಾತ್ರ ಆ ಸಾಮತಿ ನೆನಪಾಗುವುದಿಲ್ಲ.

ಶ್ರೀಸಭೆಯ ಬೋಧನೆಯಲ್ಲಿ ಸಂದೇಹಕ್ಕೆ ಎಡೆಯಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ ೧೯೬೫ರ ಅಕ್ಟೋಬರ್ ೨೮ರ ಘೋಷಣೆಯಲ್ಲಿ ಶಿಕ್ಷಣವನ್ನು ಎಲ್ಲ ಮಾನವರ ಹಕ್ಕೆಂದು ಸಾರಿ, ಬಡವರ ಬಗೆಗೆ ವಿಶೇಷ ಕಾಳಜಿಯನ್ನು ನಮ್ಮ ಶಾಲೆಗಳಿಂದ ಬಯಸಿತು. ಕೇರಳದಲ್ಲಿ ಸಂತ ಚಾವರ ಕುರಿಯಾಕೋಸ್ ಎಲಿಯಾಸರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪ್ರತಿ ದೇವಾಲಯದ ಪಕ್ಕದಲ್ಲಿ ಒಂದು ಶಾಲೆ ಇರಬೇಕೆಂದು ವಿಧಿಸಿದರು; ಬಡ ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಏರ್ಪಡಿಸಿದರು. ನಮ್ಮ ಹಿರಿಯ ಗುರುಗಳೂ ಭಗಿನಿಯರೂ ಅದೇ ಹಾದಿಯಲ್ಲಿ ಈ ಕರಿಯ ಮಣ್ಣಿನ ನಾಡಿಗೆ ಬಂದರು. ಆದರೆ ಕಾಲಕ್ರಮದಲ್ಲಿ ನಮ್ಮ ಶಾಲೆಗಳ ಮುಂದೆ ಯಾರ ಸಾಲು ಉದ್ದವಾಯಿತು? ಶುಲ್ಕ ಕೊಡಬಲ್ಲವರದು. ೨೦೧೪ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅಲ್ಪಸಂಖ್ಯಾತರ ಶಾಲೆಗಳನ್ನು ಶಿಕ್ಷಣ ಹಕ್ಕಿನ ಕಾಯಿದೆಯಿಂದ ಹೊರಗಿಟ್ಟಿತು. ೨೦೨೫ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗೆಗೆ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ಹಿರಿಯ ಪೀಠದ ಪರಿಶೀಲನೆಗೆ ಒಪ್ಪಿಸಿತು. ನಮ್ಮ ಸಂಸ್ಥೆಗಳ ಸ್ವಾತಂತ್ರ್ಯ ಬೆಲೆಯುಳ್ಳದ್ದು. ಅದನ್ನು ಸಂವಿಧಾನವೇ ಕೊಟ್ಟಿದೆ. ಆದರೆ ಕಾನೂನು ನಮ್ಮನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ಅಂತಃಕರಣ ಬಿಟ್ಟುಕೊಟ್ಟಿತೆಂದು ತಿಳಿಯಬಾರದು. ಬಡ ಮಗುವಿಗೆ ನಾಲ್ಕರಲ್ಲಿ ಒಂದು ಸ್ಥಾನವನ್ನು ಕಾಯಿದೆಯ ಭಯದಿಂದ ಕೊಡಬೇಕಾಗಿಲ್ಲವೆಂದಾದರೆ, ಪ್ರೀತಿಯಿಂದ ಕೊಡಲು ನಮ್ಮನ್ನು ತಡೆಯುವವರು ಯಾರು?

ಪ್ರಿಯರೇ, ಶತಮಾನೋತ್ಸವದ ನೆನಪಿಗಾಗಿ ಏನು ಕಟ್ಟಬೇಕೆಂದು ನಮ್ಮ ಸಮಿತಿ ವಿಚಾರಿಸುತ್ತಿದೆ. ಮಹಾದ್ವಾರದ ನಕ್ಷೆಯೊಂದು ಸಿದ್ಧವಾಗಿದೆ, ಅದು ಸುಂದರವಾಗಿದೆ. ಅದನ್ನು ಬಯಸಿದವರ ಭಕ್ತಿಯನ್ನು ನಾವು ಗೌರವಿಸುತ್ತೇವೆ. ಆದರೂ ವಿಚಾರಣಾ ಗುರುಗಳಾಗಿ ಮೂರು ಬಿನ್ನಹಗಳನ್ನು ಮಾಡುತ್ತೇವೆ.

ಒಂದು: ಆ ಹಣದಿಂದ ಹಂಗಾಮಿನ ಮಕ್ಕಳಿಗಾಗಿ ಒಂದು ವಸತಿ ಗೃಹವನ್ನು ತೆರೆಯೋಣ. ತಂದೆತಾಯಿಗಳು ಗುಳೆ ಹೋಗುವ ನವೆಂಬರಿನಿಂದ ಏಪ್ರಿಲಿನವರೆಗೆ ಮಕ್ಕಳು ಇಲ್ಲಿ ಉಳಿದು, ತಮ್ಮ ಹಳ್ಳಿಯ ಅಥವಾ ಹತ್ತಿರದ ಸರಕಾರಿ ಶಾಲೆಗೇ ಹೋಗಲಿ. ಜಾತಿ ಮತ ಕೇಳುವುದು ಬೇಡ. ಸರಕಾರವೂ ಇಂಥ ಹಂಗಾಮಿ ವಸತಿಗಳನ್ನು ನಡೆಸಿದೆ. ಅದರೊಡನೆ ಸ್ಪರ್ಧೆ ಬೇಡ, ಅದು ತಲುಪದ ಕಡೆ ನಾವು ತಲುಪೋಣ.

ಎರಡು: ಏಳನೆಯ ತರಗತಿ ಮುಗಿಸಿದ ಪ್ರತಿಯೊಬ್ಬ ಹುಡುಗಿಯ ಮನೆಗೂ ಮೇ ತಿಂಗಳಲ್ಲಿ ನಮ್ಮ ಭಗಿನಿಯರೂ ಮಾತೆಯರ ಸಂಘದವರೂ ಹೋಗಲಿ. ಎಂಟನೆಯ ತರಗತಿಗೆ ಹೆಸರು ಸೇರಿತೆ ಎಂದು ಕೇಳಲಿ. ಕೇಳುವವರಿದ್ದಾರೆಂದು ತಿಳಿದರೆ ತಂದೆಗೂ ಧೈರ್ಯ ಬರುತ್ತದೆ.

ಮೂರು: ನಮ್ಮ ಶಾಲೆಯ ಕಚೇರಿಯಲ್ಲಿ, ಸೇರಿದವರ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇರಲಿ. ಕೇಳಿಬಂದು ಸ್ಥಾನ ದೊರೆಯದೆ ಹಿಂದಿರುಗಿದ ಪ್ರತಿ ಮಗುವಿನ ಹೆಸರನ್ನೂ ಊರನ್ನೂ ಅದರಲ್ಲಿ ಬರೆಯಬೇಕು. ತಿಂಗಳಿಗೊಮ್ಮೆ ವಿಚಾರಣಾ ಗುರುಗಳೇ ಅದನ್ನು ಓದಿ ಸಹಿ ಮಾಡಬೇಕು. ಆ ಪುಸ್ತಕವನ್ನು ನಾವು ಈಗಾಗಲೇ ಕೊಂಡು ತಂದಿದ್ದೇವೆ. ಮೊದಲನೆಯ ಪುಟದ ಮೊದಲೆರಡು ಸಾಲುಗಳನ್ನು ಖಾಲಿ ಬಿಟ್ಟಿದ್ದೇವೆ. ಏಕೆಂದರೆ ಆ ಜನವರಿಯ ಬೆಳಿಗ್ಗೆ ನಾವು ಆ ಇಬ್ಬರು ಮಕ್ಕಳ ಹೆಸರನ್ನು ಕೇಳಿರಲಿಲ್ಲ.

ಮುಂದಿನ ನೂರು ವರ್ಷಗಳ ಲೆಕ್ಕವನ್ನು ಒಪ್ಪಿಸುವವರು ನಾವಲ್ಲ; ಇಂದು ಈ ಅಂಗಳದಲ್ಲಿ ಆಡುತ್ತಿರುವ ಮಕ್ಕಳು. ಅವರಿಗೆ ಓದಲು ಬಂದರೆ ಈ ಸಂಚಿಕೆಯನ್ನೂ ಓದುತ್ತಾರೆ. ನಾವು ಏನು ಹೇಳಿದ್ದೆವು, ಏನು ಮಾಡಿದೆವು ಎಂದು ಹೋಲಿಸಿ ನೋಡುತ್ತಾರೆ. ಆ ಹೋಲಿಕೆಗೆ ನಾವು ಅಂಜದಂತೆ ದೇವರು ನಮ್ಮನ್ನು ನಡೆಸಲಿ.